ನೂರ ನಲವತ್ತಮೂರು ಅಂಗಿ ತೊಟ್ಟ ಲ್ಯಾಪ್‌ಟಾಪ್

"ನೀನೂ ಅರ್ಧಕ್ಕೆ ನಿಂತೋನು, ನೀನು ಕೊಟ್ಟ ಲ್ಯಾಪ್‌ಟಾಪೂ ಅರ್ಧಕ್ಕೇ ನಿಲ್ಲತ್ತೆ. ನಿನ್ನ ಕೈಯಿಂದ ಇನ್ನೇನು ತಾನೇ ಬರಬೇಕಿತ್ತು!"

ಟೈಲರ್ ಮಾಮ ಇದನ್ನು ಅಂಗಡಿ ಬಾಗಿಲಲ್ಲಿ ನಿಂತು, ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದರಿಂದ ಒಂದೊಂದು ಮಾತೂ ಒಂದೊಂದು ಸೂಜಿ ಹಿಡಿದುಕೊಂಡು ಹೊರಬಿದ್ದಂತಿತ್ತು. ಪಕ್ಕದ ಅಂಗಡಿಯ ಇಸ್ತ್ರಿ ಅಣ್ಣ ಪೆಟ್ಟಿಗೆಯನ್ನು ಯಾರದೋ ಕಾಲರ್ ಮೇಲೆ ಮರೆತು ಇತ್ತ ತಿರುಗಿದ. ಟೈಲರ್ ಮಾಮನ ಹೆಂಡತಿ, ಬೀದಿಗೆಲ್ಲ ಅತ್ತೆ, ಗುಂಡಿ ಹೊಲಿಯುವುದನ್ನು ನಿಲ್ಲಿಸಿ ಕನ್ನಡಕ ಮೇಲೇರಿಸಿದಳು.

ಅವರಿಬ್ಬರು ಕೇಳಿಸಿಕೊಂಡಿದ್ದರೆ ಪರವಾಗಿರಲಿಲ್ಲ. ಕಿಟಕಿ ಪರದೆಗಳ ಅಳತೆ ಬರೆಸುತ್ತಿದ್ದ ಲೈಬ್ರರಿ ಮೇಡಂ ಕೂಡ ಕೇಳಿಸಿಕೊಂಡರು. ಕೇಳಿಸಿಕೊಂಡು, ಎದುರಿಗಿದ್ದ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಹುಡುಗನಿಗೆ ಬೀದಿಯಲ್ಲಿ ಸ್ಕ್ರೂ ಎಂದು ಹೆಸರು. ಬಿಚ್ಚಿದ ಸ್ಕ್ರೂಗಳನ್ನು ತುಟಿಯ ಮೂಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡುವ ಅಭ್ಯಾಸಕ್ಕೆ ಬಂದ ಹೆಸರು. ಎಂಟನೇ ಕ್ಲಾಸನ್ನು ನಡುಮಧ್ಯದಲ್ಲಿ ಬಿಟ್ಟು, ಕೆಟ್ಟ ರೇಡಿಯೋದಿಂದ ಶುರುಮಾಡಿ, ಈಗ ಹಳೆಯ ಲ್ಯಾಪ್‌ಟಾಪುಗಳನ್ನು ತಂದು ಸರಿಮಾಡಿ ಮಾರುತ್ತಿದ್ದ. ಅಂಗಡಿ ಎಂದು ಏನೂ ಇಲ್ಲ, ಅಕ್ಕನ ಮನೆಯ ಊಟದ ಮೇಜೇ ಅಂಗಡಿ. ಮುಚ್ಚಿಹೋದ ಒಂದು ಆಫೀಸಿನಿಂದ ತಂದ ಹನ್ನೆರಡು ಲ್ಯಾಪ್‌ಟಾಪುಗಳು ಎರಡು ತಿಂಗಳಿಂದ ಆ ಮನೆಯಲ್ಲಿ ಬೀಡುಬಿಟ್ಟಿದ್ದವು. ಮಂಚದ ಕೆಳಗೆ ಐದು, ಫ್ರಿಜ್ ಮೇಲೆ ಮೂರು, ಭಾವನ ಅಂಗಿ ಇಡುವ ಕಪಾಟಿನಲ್ಲಿ ನಾಲ್ಕು. ಹನ್ನೆರಡನ್ನೂ ಒಟ್ಟಿಗೆ ಲೈಬ್ರರಿಗೆ ಕೊಡುವ ಮಾತು ಅರ್ಧ ಪಕ್ಕಾ ಆಗಿತ್ತು. ಭಾವ ಬೆಳಿಗ್ಗೆ ಅಂಗಿ ಹುಡುಕುತ್ತಾ ಕೊನೆಯ ಮಾತು ಹೇಳಿದ್ದ: "ಇವತ್ತು ಆ ಮೇಡಂ ತಗೊಂಡ್ರೆ ಸರಿ. ಇಲ್ಲಾಂದ್ರೆ ಸಂಜೆ ಏಳಕ್ಕೆ ಗುಜರಿಯೋನಿಗೆ ಬರೋಕೆ ಹೇಳಿದ್ದೀನಿ. ನಾಳೆಯಿಂದ ನಮ್ಮ ಗೋದಾಮಿನ ಗೇಟಲ್ಲಿ ಕೂತ್ಕೋ. ಬರೋ ಲಾರಿ ನಂಬರ್ ಬರ್ಕೊಂಡ್ರೆ ಆಯ್ತು."

ಇಷ್ಟೆಲ್ಲ ತಲೆಯ ಮೇಲಿದ್ದಾಗ ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದ್ದರು: "ಎಂಟು ವರ್ಷದ ಹಳೇದು ಅಂತೀರಿ. ಇವತ್ತು ಓಡತ್ತೆ ಸರಿ, ಮುಂದಿನ ವರ್ಷವೂ ಓಡತ್ತಾ?" ಸ್ಕ್ರೂ ಎದೆಯುಬ್ಬಿಸಿ, "ಟೈಲರ್ ಮಾಮನಿಗೆ ಇಂಥದ್ದೇ ಕೊಟ್ಟು ಹತ್ತು ತಿಂಗಳಾಯ್ತು. ಹೇಗಿದೆ ಅಂತ ಅವರನ್ನೇ ಕೇಳಿ ಮೇಡಂ" ಎಂದುಬಿಟ್ಟಿದ್ದ. ಮಾಮ ಇಷ್ಟು ದಿನ ಏನೂ ದೂರು ಹೇಳಿರಲಿಲ್ಲ. ಹೇಳದೆ ಇದ್ದದ್ದು ತೃಪ್ತಿಯಿಂದಲ್ಲ, ಸರಿಯಾದ ಸಾಕ್ಷಿಗಳು ಸಿಗಲಿ ಎಂದು ಕಾಯುತ್ತಿದ್ದ ಎನ್ನುವುದು ಸ್ಕ್ರೂಗೆ ಈಗ ಗೊತ್ತಾಯಿತು.

ಅವನ ಕಿವಿ ಇಸ್ತ್ರಿ ಪೆಟ್ಟಿಗೆಯಷ್ಟೇ ಕಾದಿತ್ತು. ಕೈಯೂ ಮುಷ್ಟಿಯಾಗಿತ್ತು. ಆದರೆ ಮೇಡಂ ಮುಂದಿದ್ದರು. "ಏನಾಗಿದೆ ತೋರಿಸಿ" ಎಂದಷ್ಟೇ ಹೇಳಿದ.

"ಏನಾಗಿದೆ? ಒಂದು ಅಳತೆ ಚೀಟಿ ತೆರೆಯೋದ್ರೊಳಗೆ ನಾನೊಂದು ತೋಳು ಹೊಲ್ದು ಮುಗಿಸ್ತೀನಿ. ಒಂದೊಂದ್ಸಲ ಎರಡೂ ತೋಳು!"

"ನಿಮ್ಮ ಮಾಮ ಸುಳ್ಳು ಹೇಳ್ತಿಲ್ಲಪ್ಪ," ಎಂದಳು ಅತ್ತೆ. "ಮೊನ್ನೆ ಇವರು ಬಟನ್ ಒತ್ತಿ ಸ್ನಾನಕ್ಕೆ ಹೋದ್ರು. ತಲೆ ಒರೆಸ್ಕೊಂಡು ಬಂದ್ರೂ ಅದು ಇನ್ನೂ ಯೋಚ್ನೆ ಮಾಡ್ತಾ ಇತ್ತು."

ಇಸ್ತ್ರಿ ಅಣ್ಣ ಕಾಲರನ್ನು ಬಿಟ್ಟು ಬಂದೇಬಿಟ್ಟ. "ವಯಸ್ಸು ಕಣಯ್ಯಾ. ನಮ್ಗೇ ಮೊಣಕಾಲು ಹಿಡ್ಕೊಳ್ಳಲ್ವಾ?"

ಸ್ಕ್ರೂ ಮೇಡಂ ಕಡೆ ತಿರುಗಿದ. "ಮೇಡಂ, ಸಂಜೆ ಆರಕ್ಕೆ ಪರದೆ ತಗೊಂಡು ಹೋಗೋಕೆ ಬರ್ತೀರಲ್ಲ, ಆಗ ಇದೇ ಮೇಜಿನ ಮೇಲೆ ಇದೇ ಲ್ಯಾಪ್‌ಟಾಪ್ ನೀವೇ ಕೂತು ನಡೆಸಿ ನೋಡಿ. ಓಡ್ಲಿಲ್ಲಾಂದ್ರೆ ನನ್ನ ಹನ್ನೆರಡೂ ಬೇಡ."

ಮೇಡಂ ನ್ಯಾಯವಾದ ಹೆಂಗಸು. "ಆಗಲಿ. ಹಳೇದು ದಿನಬಳಕೆಗೆ ಸಾಕಾಗತ್ತೆ ಅಂತ ನನಗೆ ಮನವರಿಕೆ ಆಗಬೇಕು. ಅಷ್ಟೇ" ಎಂದು ಹೇಳಿ, ಪರದೆಯ ಬಟ್ಟೆ ಕೊಟ್ಟು ಹೋದರು.

ಮಾಮ ಒಳಗಿಂದ ಲ್ಯಾಪ್‌ಟಾಪನ್ನು ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟ. ಸ್ಕ್ರೂ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಲ್ಯಾಪ್‌ಟಾಪ್ ಕೋಟು ಹಾಕಿಕೊಂಡಿತ್ತು.

ಹೊರಗೆ ದಪ್ಪ ಉಣ್ಣೆಬಟ್ಟೆ, ಒಳಗೆ ರೇಷ್ಮೆಯಂಥ ಲೈನಿಂಗು, ನಡುವೆ ಹತ್ತಿ. ಪರದೆ ಮತ್ತು ಕೀಗಳ ಜಾಗ ಮಾತ್ರ ಬಿಟ್ಟು ಮಿಕ್ಕೆಲ್ಲ ಕಡೆ ಮೈಗೆ ಅಂಟಿದಂತೆ ಕೂತಿತ್ತು. ಬದಿಯಲ್ಲಿ ಆರು ಗುಂಡಿ. ಗಾಳಿ ಹೊರಬರುವ ಕಿಂಡಿಯ ಮೇಲೆ ಒಂದು ಪುಟ್ಟ ಜೇಬು.

"ಇದ್ಯಾರು ಹೊಲ್ದಿದ್ದು?"

"ನಾನೇ. ಹಳೇ ಮೈ, ಧೂಳು ಹೋಗಬಾರ್ದು ಅಂತ. ಅಲ್ಲೊಂದು ತೂತಿತ್ತು ನೋಡು, ಅದರಿಂದ ಒಂದೇ ಸಮ ಬಿಸಿಗಾಳಿ ಬರ್ತಿತ್ತು. ಜ್ವರ ಬಂದ ಹಾಗೆ. ಅದನ್ನೂ ಮುಚ್ಚಿದ್ದೀನಿ." ಮಾಮನ ಮುಖದಲ್ಲಿ ಹೆಮ್ಮೆ. "ಇಷ್ಟು ಚೆನ್ನಾಗಿ ಕೂರೋ ಕೋಟು ಮನುಷ್ಯರಿಗೂ ಹೊಲ್ದಿಲ್ಲ ನಾನು."

ಅದು ಉಸಿರಾಡುವ ಮೂಗು ಎಂದು ಸ್ಕ್ರೂ ಕೂಗಿದ. ಕೂಗಿದ್ದು ಜಾಸ್ತಿಯಾಗಿ ಇಸ್ತ್ರಿ ಅಣ್ಣನ ಗಿರಾಕಿಗಳೂ ಇಣುಕಿದರು. ಅಷ್ಟರಲ್ಲಿ ಮರೆತಿದ್ದ ಕಾಲರಿನಿಂದ ಹೊಗೆ ಎದ್ದಿತು. ಇಸ್ತ್ರಿ ಅಣ್ಣ ಓಡಿದ, ಪೆಟ್ಟಿಗೆ ಎತ್ತಿಟ್ಟ, ಸುಟ್ಟ ಅಂಗಿಯನ್ನು ಗಂಟಿನ ಅಡಿಗೆ ತೂರಿಸಿ ಮತ್ತೆ ವಾಪಸ್ ಬಂದ. ಇಂಥ ತಮಾಷೆ ದಿನಾ ಸಿಗುವುದಿಲ್ಲ.

ಕೋಟಿನ ಗುಂಡಿ ಬಿಚ್ಚಲು ಮಾಮ ಒಪ್ಪಲು ಕಾಲುಗಂಟೆ ಬೇಕಾಯಿತು. ತಳದ ಮುಚ್ಚಳದ ಹನ್ನೊಂದು ಸ್ಕ್ರೂಗಳನ್ನು ಬಿಚ್ಚಲು ಐದು ನಿಮಿಷ. ಮಾತಾಡಬೇಕಾದ್ದು ತುಂಬ ಇದ್ದುದರಿಂದ ಹುಡುಗ ಅವನ್ನು ಅವತ್ತು ತುಟಿಯಲ್ಲಿ ಇಟ್ಟುಕೊಳ್ಳದೆ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಮುಚ್ಚಳ ತೆಗೆದರೆ ಒಳಗೆ ಪುಟ್ಟ ದಿಂಬು. ಹತ್ತು ತಿಂಗಳ ನೂಲು, ನಾರು, ಬಟ್ಟೆಯ ಹೊಟ್ಟು ಎಲ್ಲ ಸೇರಿ ಫ್ಯಾನಿನ ಸುತ್ತ ಒತ್ತಾಗಿ ಹೆಪ್ಪುಗಟ್ಟಿತ್ತು. ನೀಲಿ, ಬಿಳಿ, ಖಾಕಿ ಪದರಗಳು. ಯಾವ ತಿಂಗಳು ಯಾರ ಬಟ್ಟೆ ಕತ್ತರಿಸಿದ್ದು ಎಂದು ಮಾಮ ಆ ಪದರ ನೋಡಿಯೇ ಹೇಳಬಲ್ಲವನಾಗಿದ್ದ. ಹೇಳಿದ ಕೂಡ.

"ಸ್ವಲ್ಪ ಆವಿ ಕೊಡ್ಲಾ?" ಇಸ್ತ್ರಿ ಅಣ್ಣ ಪೆಟ್ಟಿಗೆ ಹಿಡಿದೇ ಬಂದಿದ್ದ. "ನಾರೆಲ್ಲ ಮೆತ್ತಗಾಗಿ ತಾನೇ ಎದ್ದು ಬರತ್ತೆ."

ಮರಿಗಳ ಮೇಲೆ ಕೋಳಿ ಬಿದ್ದ ಹಾಗೆ ಸ್ಕ್ರೂ ಲ್ಯಾಪ್‌ಟಾಪಿನ ಮೇಲೆ ಬಿದ್ದ. "ಅಣ್ಣಾ, ನಿಮ್ಮ ದಮ್ಮಯ್ಯ. ಅಲ್ಲೇ ನಿಲ್ಲಿ. ಅಲ್ಲಿಂದ್ಲೇ ಸಲಹೆ ಕೊಡಿ. ಎಷ್ಟು ಬೇಕಾದ್ರೂ ಕೊಡಿ."

ಬ್ರಶ್ ಹಿಡಿದು, ರಬ್ಬರ್ ಉಂಡೆಯಿಂದ ಗಾಳಿ ಊದಿ, ಚಿಪ್ ತಣ್ಣಗಿಡುವ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ ತಲೆ ಎತ್ತುವಷ್ಟರಲ್ಲಿ ಮೇಜು ಲಕಲಕ ಹೊಳೆಯುತ್ತಿತ್ತು. ಸ್ಕ್ರೂಗಳು ಇರಲಿಲ್ಲ.

"ಅತ್ತೆ, ಇಲ್ಲಿದ್ದ ಸ್ಕ್ರೂ?"

"ಸೂಜಿ ಬಿದ್ದಿದ್ವಪ್ಪ, ಕೈಗೆ ಚುಚ್ಚತ್ತೆ ಅಂತ ಎಲ್ಲ ಬಳಿದೆ." ಅತ್ತೆಯ ಕೈಯಲ್ಲಿ ಲಾಳದಾಕಾರದ ಅಯಸ್ಕಾಂತ. ಅದರ ಮೈತುಂಬ ಮುಳ್ಳುಹಂದಿಯ ಹಾಗೆ ನಾನೂರು ಗುಂಡುಸೂಜಿ. ನಡುವೆ ಎಲ್ಲೋ ಅಕ್ಕಿಕಾಳಿಗಿಂತ ಚಿಕ್ಕ ಹನ್ನೊಂದು ಸ್ಕ್ರೂ.

ಅವುಗಳನ್ನು ಹೆಕ್ಕುವುದರಲ್ಲಿ ಮಧ್ಯಾಹ್ನ ಕಳೆಯಿತು. ನಾಲ್ಕು ಜನ ಮೇಜಿನ ಸುತ್ತ ತಲೆಗೆ ತಲೆ ತಾಗಿಸಿ ಕೂತು ಹೆಕ್ಕಿದರು. ಹತ್ತು ಸಿಕ್ಕವು. ಹನ್ನೊಂದನೆಯದು ಸಿಕ್ಕಿತು ಎಂದು ಇಸ್ತ್ರಿ ಅಣ್ಣ ಎರಡು ಸಲ ಕುಣಿದ. ಎರಡು ಸಲವೂ ಅದು ಸೂಜಿಯ ಮುರಿದ ತಲೆ. ಸ್ಕ್ರೂನ ಬೆರಳತುದಿಗಳಲ್ಲಿ ಕೆಂಪು ಚುಕ್ಕೆಗಳು ಎದ್ದಿದ್ದವು. ನಡುವೆ ಅಕ್ಕನ ಫೋನು: "ಏನಾಯ್ತೋ? ಭಾವ ಆಗ್ಲೇ ಫ್ರಿಜ್ ಮೇಲಿಂದ ಇಳಿಸೋಕೆ ಶುರುಮಾಡಿದ್ದಾರೆ."

"ಇನ್ನೊಂದು ಸ್ಕ್ರೂ ಅಕ್ಕ. ಒಂದೇ ಒಂದು."

"ನಿಂಗೆ ಮೊದಲಿಂದ್ಲೂ ಒಂದು ಕಮ್ಮಿನೇ," ಎಂದು ಅಕ್ಕ ಫೋನಿಟ್ಟಳು. ಪ್ರೀತಿಯಿಂದಲೇ ಹೇಳಿದ್ದಿರಬಹುದು.

ಹತ್ತೇ ಸ್ಕ್ರೂನಲ್ಲಿ ಮುಚ್ಚಳ ಕೂತಿತು. ಆನ್ ಮಾಡಿದ. ಫ್ಯಾನು ಸದ್ದಿಲ್ಲದೆ ತಿರುಗಿತು, ಮೈ ತಣ್ಣಗಿತ್ತು. ಆದರೆ ಪರದೆ ಮಾತ್ರ ಬಾಣಂತಿಯ ಹಾಗೆ ಹುಷಾರಾಗಿ, ನಿಧಾನವಾಗಿ ಕಣ್ಣು ಬಿಟ್ಟಿತು. ಯಾಕೆ ಎಂದು ನೋಡಿದರೆ, ಕೆಳಗಿನ ಪಟ್ಟಿಯಲ್ಲಿ ಒಂದರ ಹಿಂದೊಂದು ಕಿಟಕಿ. ಎಣಿಸಿದ. ಮಾಮ ಯಾವತ್ತೂ ಪೂರ್ತಿ ಆರಿಸದೆ ಬರೀ ಮಡಚಿಡುತ್ತಿದ್ದುದರಿಂದ ನೂರ ನಲವತ್ತಮೂರು ಅಳತೆ ಚೀಟಿಗಳು ತೆರೆದೇ ಇದ್ದವು.

"ಮಾಮ, ಇವನ್ನ ಯಾಕೆ ಮುಚ್ಚಿಲ್ಲ?"

ಮಾಮ ಮೊದಲ ಸಲ ದನಿ ತಗ್ಗಿಸಿದ. "ಬಟ್ಟೆ ಗಿರಾಕಿ ಕೈ ಸೇರೋ ತನಕ ಚೀಟಿ ಮುಚ್ಚಬಾರ್ದು. ಕೆಲಸ ಕಲಿಸಿದ ನಮ್ಮ ಗುರು ಹೇಳಿದ್ದು. ಕಾಗದದ ಕಾಲದಲ್ಲಿ ಗೋಡೆ ಮೇಲೆ ಮೊಳೆಗೆ ಚುಚ್ಚಿ ಎಲ್ಲಾನೂ ಕಣ್ಣೆದುರಿಗೆ ಇಡ್ತಿದ್ವಿ. ಮುಚ್ಚಿಟ್ರೆ ಮರ್ತೆ ಅಂತಲೇ ಲೆಕ್ಕ."

"ಮುಚ್ಚಿದ್ರೆ ಕಳೆದುಹೋಗಲ್ಲ ಮಾಮ, ಒಳಗೇ ಇರತ್ತೆ."

"ಒಳಗೆ ಅಂದ್ರೆ ಎಲ್ಲಿ? ತೋರಿಸು."

ಇದಕ್ಕೆ ಸ್ಕ್ರೂ ಹಾರ್ಡ್‌ಡಿಸ್ಕು, ಮೆಮೊರಿ ಎಂದೆಲ್ಲ ಹತ್ತು ನಿಮಿಷ ಹೇಳಿದ. ಹತ್ತು ನಿಮಿಷದ ಕೊನೆಗೂ ಮಾಮನ ಮುಖ ಇಸ್ತ್ರಿ ಮಾಡಿದ ಪ್ಯಾಂಟಿನ ಹಾಗೆ ಒಂದು ಸುಕ್ಕೂ ಬೀಳದೆ ಇತ್ತು. ಗಂಟೆ ನಾಲ್ಕಾಗಿತ್ತು. ಸ್ಕ್ರೂಗೆ ತಲೆ ಕೆಟ್ಟಿತು.

"ಮಾಮ, ಹೊಲ್ದ ಅಂಗಿನ ಏನ್ ಮಾಡ್ತೀರಿ?"

"ಮಡಚಿ ಕಪಾಟಲ್ಲಿಡ್ತೀನಿ."

"ಗಿರಾಕಿ ಬರೋ ತನಕ ನೀವೇ ತೊಟ್ಕೊಂಡು ಕೂತಿರಲ್ಲ ತಾನೇ? ಈ ಬಡಪಾಯಿ ಹತ್ತು ತಿಂಗಳಿಂದ ನೂರ ನಲವತ್ತಮೂರು ಅಂಗಿ ಒಂದರ ಮೇಲೊಂದು ತೊಟ್ಕೊಂಡು ಕೂತಿದೆ. ಮೇಲೆ ನಿಮ್ಮ ಕೋಟು ಬೇರೆ. ಅದಕ್ಕೆ ಓಡು ಅಂದ್ರೆ ಹೇಗೆ ಓಡತ್ತೆ ಹೇಳಿ!"

ಮಾಮ ತನ್ನ ತೋಳನ್ನು ಒಮ್ಮೆ ಎತ್ತಿ, ಮಡಚಿ ನೋಡಿದ. ಅಷ್ಟು ಅಂಗಿ ತೊಟ್ಟರೆ ತೋಳು ಮಡಚಲು ಆಗುತ್ತದೆಯೇ ಎಂದು ಮನಸ್ಸಿನಲ್ಲೇ ಹೊಲಿದು ನೋಡುತ್ತಿದ್ದ. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ. "ಮುಚ್ಚು," ಎಂದ.

ಮುಚ್ಚುವ ಮೊದಲು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಬೇಕೆಂದು ಷರತ್ತು. ಬೇಕರಿಯವನ ಏಪ್ರನ್, ಎದೆ ನಲವತ್ತಾರು. ಬ್ಯಾಂಡಿನವರ ಕೆಂಪು ಜಾಕೆಟ್, ಹದಿನಾಲ್ಕು. "ಕೊಟ್ಟಾಯ್ತು, ಮುಚ್ಚು. ಇದು ಇನ್ನೂ ಇದೆ, ಆದ್ರೂ ಮುಚ್ಚು." ಒಂದರ ಹತ್ತಿರ ಬಂದಾಗ ಮಾಮ ಕೈ ಅಡ್ಡ ಹಿಡಿದ.

ಬಸ್ ಡ್ರೈವರ್ ಒಬ್ಬರ ಕೋಟು. ಭುಜ ಹದಿನೆಂಟೂವರೆ, ಎಡಗೈ ಬಲಗೈಗಿಂತ ಅರ್ಧ ಇಂಚು ಉದ್ದ.

"ರಿಟೈರ್ ಆಗೋ ದಿನ ತೊಡ್ತೀನಿ ಅಂದಿದ್ದ. ಜನ್ಮದಲ್ಲೊಂದು ಕೋಟು ಬೇಕು ಕಣಯ್ಯಾ, ಯೂನಿಫಾರ್ಮ್ ಅಲ್ಲದ್ದು ಅಂದ. ರಿಟೈರ್‌ಮೆಂಟಿಗೆ ನಾಲ್ಕು ದಿನ ಇತ್ತು, ಅವನೇ ಇಲ್ಲ. ನಾನು ಹೊಲ್ದು ಇಟ್ಟಿದ್ದೀನಿ." ಮಾಮ ಕಪಾಟಿನ ಕಡೆ ನೋಡಲಿಲ್ಲ. "ಇದೊಂದು ಇರ್ಲಿ. ಒಂದಿದ್ರೆ ಭಾರ ಆಗತ್ತಾ?"

ಬೆಳಗಿನಿಂದ ಸ್ಕ್ರೂನ ನಾಲಿಗೆಯ ತುದಿಯಲ್ಲಿ ಒಂದು ಹಿಡಿ ಬಿರುಸು ಮಾತು ಸಿದ್ಧವಾಗಿ ಕೂತಿತ್ತು. ಅದನ್ನು ನುಂಗಿಕೊಂಡ. "ಇಲ್ಲ ಮಾಮ. ಒಂದು ಭಾರ ಆಗಲ್ಲ."

ಉಳಿದದ್ದೆಲ್ಲ ಮುಚ್ಚಿ, ಆ ಒಂದನ್ನು ಪರದೆಯ ಮೇಲೆಯೇ ಸುಲಭವಾಗಿ ಸಿಗುವ ಹಾಗೆ ಇಟ್ಟು, ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದ. ಅದಕ್ಕೇ ಕಾಯುತ್ತಿದ್ದ ಹಾಗೆ ಒಂದು ನೀಲಿ ಪರದೆ ಹರಡಿತು. ಹತ್ತು ತಿಂಗಳ ಅಪ್‌ಡೇಟ್ ಬಾಕಿ ಇದೆ, ದಯವಿಟ್ಟು ಕಾಯಿರಿ, ಆರಿಸಬೇಡಿ. ಶೇಕಡಾ ಒಂದು.

ಗಂಟೆ ಐದು.

ಅವತ್ತಿನವರೆಗೂ ಆ ಬೀದಿಯ ಜನ ಒಂದು ಅಂಕಿಯನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಇಸ್ತ್ರಿ ಅಣ್ಣ ಹೊರಗೆ ನಿಂತವರಿಗೆಲ್ಲ ಸುದ್ದಿ ಕೊಡುತ್ತಿದ್ದ, ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತವನ ಹಾಗೆ. "ಹತ್ತೊಂಬತ್ತು... ಇನ್ನೂ ಹತ್ತೊಂಬತ್ತೇ. ಹಾಂ, ಇಪ್ಪತ್ತು!" ಅತ್ತೆ ಟೀ ಕೊಟ್ಟಳು. ಮೂವತ್ತೆರಡರಲ್ಲಿ ಮೇಡಂ ಬಂದರು. ಬಂದು, ಅತ್ತೆ ನಡುನಡುವೆ ಹೊಲಿದು ಮುಗಿಸಿದ್ದ ಕಿಟಕಿ ಪರದೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತು, ಗಡಿಯಾರ ನೋಡಿದರು. ಸ್ಕ್ರೂ ಉಗುರು ಕಚ್ಚುತ್ತಿದ್ದ. ಕಚ್ಚಲು ಉಗುರು ಉಳಿದಿರಲಿಲ್ಲ, ಸೂಜಿ ಚುಚ್ಚಿದ ಬೆರಳೇ ಉಳಿದಿತ್ತು.

ಆರಕ್ಕೆ ಐದು ನಿಮಿಷ ಇರುವಾಗ ನೂರಾಯಿತು. ಪರದೆ ಕಪ್ಪಾಯಿತು. ಆಮೇಲೆ ಅತ್ತೆ "ಅಯ್ಯೋ" ಎನ್ನಲು ಬಾಯಿ ತೆರೆದು "ಅ" ಎಂದಿದ್ದಳಷ್ಟೆ, ಲ್ಯಾಪ್‌ಟಾಪ್ ಪೂರ್ತಿ ತೆರೆದುಕೊಂಡು, ಕೆಲಸ ಏನಿದೆ ಹೇಳಿ ಎನ್ನುವಂತೆ ಎದುರು ನಿಂತಿತ್ತು.

ಮೇಡಂ ಕೂತರು. ಅವರು ಸುಮ್ಮನೆ ಬಿಡುವವರಲ್ಲ. ಪುಸ್ತಕಪಟ್ಟಿ ತೆರೆದರು, ಪತ್ರ ಟೈಪ್ ಮಾಡಿದರು, ಇಪ್ಪತ್ತು ವೆಬ್ ಪುಟಗಳನ್ನು ಒಟ್ಟಿಗೆ ಬಿಚ್ಚಿದರು, ಒಂದು ಪಾಠದ ವೀಡಿಯೋ ಹಾಕಿ ಅದು ಓಡುತ್ತಿರುವಾಗಲೇ ಮತ್ತೆ ಪತ್ರಕ್ಕೆ ಬಂದರು. ಎಲ್ಲೂ ತಡವರಿಸಲಿಲ್ಲ. ಮಾಮ ಪಕ್ಕದಿಂದ ಒಂದು ಅಳತೆ ಚೀಟಿ ತೆರೆಯಿರಿ ಎಂದ. ತೋಳಲ್ಲ, ಒಂದು ಹೊಲಿಗೆ ಹಾಕುವಷ್ಟೂ ಸಮಯ ಸಿಗಲಿಲ್ಲ.

"ಎಂಟು ವರ್ಷದ್ದೇ ಇದು?" ಮೇಡಂ ಕೇಳಿದರು.

ಸ್ಕ್ರೂಗೆ ಅಷ್ಟು ಸಾಕಾಗಿತ್ತು. ಬೆಳಗಿನಿಂದ ಅದುಮಿಟ್ಟದ್ದು ಉಕ್ಕಿತು.

"ಎಂಟು ವರ್ಷದ್ದೇ ಮೇಡಂ. ಹಳೇ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿದ್ದೀನಿ, ಮೆಮೊರಿ ಎರಡರಷ್ಟು ಮಾಡಿದ್ದೀನಿ. ಅಷ್ಟೇ. ಪತ್ರ ಬರೆಯೋಕೆ, ಪಾಠ ನೋಡೋಕೆ, ಪಟ್ಟಿ ಇಡೋಕೆ ಇದಕ್ಕಿಂತ ಜಾಸ್ತಿ ಯಾರಿಗೆ ಬೇಕು? ಯಂತ್ರಕ್ಕೆ ವಯಸ್ಸಾಗಿ ನಿಧಾನ ಆಗಲ್ಲ. ನಾವು ಮೂಗು ಮುಚ್ತೀವಿ, ಹೊಟ್ಟೆಗೆ ಕಸ ತುಂಬ್ತೀವಿ, ತಲೆ ಮೇಲೆ ನೂರು ಕೆಲಸ ಹೇರ್ತೀವಿ, ಒಂದು ದಿನವೂ ಮಲಗೋಕೆ ಬಿಡಲ್ಲ. ಆಮೇಲೆ ದಡ್ಡ ಅಂತೀವಿ, ಮೂಲೆಗೆ ಎಸೀತೀವಿ. ಒಬ್ರು, ಒಬ್ರೇ ಒಬ್ರು, ತೆರೆದು ಒಳಗೇನಿದೆ ಅಂತ ನೋಡಲ್ಲ. ನಿಧಾನ ಅನ್ನಿಸಿದ ಕೂಡ್ಲೇ ಬಿಸಾಡಿ ಹೊಸದು ತರೋದು ಪಾಪ ಮೇಡಂ. ನಾನು ಹೇಳ್ತೀನಿ, ಪಾಪ!"

ಅವನು ಬರೀ ಲ್ಯಾಪ್‌ಟಾಪಿನ ಬಗ್ಗೆ ಮಾತಾಡುತ್ತಿಲ್ಲ ಎಂದು ಅತ್ತೆಗೆ ಅನ್ನಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಸ್ತ್ರಿ ಅಣ್ಣ ಚಪ್ಪಾಳೆ ತಟ್ಟಿದ. ಮಾಮ ಎದ್ದು ಬಂದು, ಬೀದಿಗೆಲ್ಲ ಕೇಳುವ ಅದೇ ಗಂಟಲಲ್ಲಿ, "ಬೆಳಿಗ್ಗೆ ನಾನಂದಿದ್ದು ತಪ್ಪು. ಹುಡುಗ ಚಿನ್ನ" ಎಂದ.

ಮೇಡಂ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ನನಗೆ ಮನವರಿಕೆ ಆಯ್ತು. ಪೂರ್ತಿ ಆಯ್ತು," ಎಂದರು.

ಸ್ಕ್ರೂ ಹಣೆ ಒರೆಸಿಕೊಂಡ. ಮನಸ್ಸಿನಲ್ಲೇ ಮಂಚದ ಕೆಳಗಿನ ಐದನ್ನು ಹೊರಗೆ ಎಳೆದ.

"ನೀವು ಕಣ್ಣು ತೆರೆಸಿದ್ರಿ. ನಿಜ ಹೇಳ್ತೀನಿ, ನನಗೆ ನಾಚಿಕೆ ಆಗ್ತಿದೆ. ನಮ್ಮ ಲೈಬ್ರರಿಯಲ್ಲಿ ಹದಿನೈದು ಲ್ಯಾಪ್‌ಟಾಪ್ ಇವೆ. ಬರೀ ಐದು ವರ್ಷದವು. ನಿಧಾನ ಆದ್ವು ಅಂತ ಮೂಲೆಯ ಕಪಾಟಿಗೆ ಹಾಕಿದ್ದೀವಿ. ಅವುಗಳ ಬದಲು ನಿಮ್ಮ ಹನ್ನೆರಡು ತಗೊಳ್ಳೋಣ ಅಂತಿದ್ದೆ." ಮೇಡಂ ಎದ್ದು ನಿಂತರು. "ಎಂಥ ಪಾಪ ಮಾಡ್ತಿದ್ದೆ ನೋಡಿ! ಎಂಟು ವರ್ಷದ್ದೇ ಹೀಗೆ ಓಡೋದಾದ್ರೆ ಐದು ವರ್ಷದವು ಕುಣೀತಾವೆ. ನಾಳೆನೇ ಹೊರಗೆ ತೆಗೆಸ್ತೀನಿ. ನಮಗಿನ್ನು ಒಂದೂ ಕೊಳ್ಳೋದು ಬೇಕಾಗಿಲ್ಲ."

ಸ್ಕ್ರೂ ಬ್ರಶ್ಶನ್ನು ಮೇಡಂ ಕಡೆ ಚಾಚಿದ: "ಅವನ್ನ... ಕ್ಲೀನ್ ಮಾಡೋಕಾದ್ರೂ..."

"ಅದಕ್ಕೆ ನೀನ್ಯಾಕಪ್ಪಾ ಬರಬೇಕು?" ಮಾಮ ತೋಳು ಮಡಚಿದ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಸಿಕ್ಕವನ ಉತ್ಸಾಹ ಅವನದು. "ಬೆಳಗಿಂದ ಪಕ್ಕದಲ್ಲೇ ನಿಂತು ನೋಡಿದ್ದೀನಲ್ಲ, ನನಗೂ ಬಂತು. ಮೇಡಂ, ನಾನೂ ಇಸ್ತ್ರಿಯೋನೂ ಭಾನುವಾರ ಬಂದು ಹದಿನೈದೂ ಬಿಚ್ಚಿ ಕೊಡ್ತೀವಿ. ಸೇವೆ ಅಂತ ತಿಳ್ಕೊಳ್ಳಿ. ಪಾಪ, ಈ ಹುಡುಗನಿಗೆ ಇವತ್ತೇ ಬೇಕಾದಷ್ಟು ತೊಂದ್ರೆ ಕೊಟ್ವಿ."

"ಎಷ್ಟು ಒಳ್ಳೇವ್ರು ನೀವೆಲ್ಲ," ಎಂದರು ಮೇಡಂ. ಸ್ಕ್ರೂನ ಕೈ ಹಿಡಿದು ಕುಲುಕಿದರು. "ಇಷ್ಟು ಪ್ರಾಮಾಣಿಕ ವ್ಯಾಪಾರಿನ ನಾನು ನೋಡೇ ಇಲ್ಲ. ಬೇರೆಯವ್ರಾಗಿದ್ರೆ ಹನ್ನೆರಡೂ ತಲೆಗೆ ಕಟ್ಟಿಬಿಡ್ತಿದ್ರು."

ಪರದೆಗಳ ಗಂಟು ಹೊತ್ತು ಅವರು ಹಗುರಾಗಿ ನಡೆದುಹೋದರು. ಬೀದಿಯ ಜನ ಸ್ಕ್ರೂನ ಸುತ್ತ ಮುತ್ತಿಕೊಂಡರು. ಯಾರೋ ಬೆನ್ನು ತಟ್ಟಿದರು, ಯಾರೋ ಭೇಷ್ ಎಂದರು. ಗೋಡೆ ಗಡಿಯಾರದಲ್ಲಿ ಆರೂಮುಕ್ಕಾಲು, ಗುಜರಿಯವನು ಬರಲು ಇನ್ನು ಕಾಲುಗಂಟೆ.

"ಎಲ್ಲರೆದುರು ಹೋಗಿದ್ದ ಮಾನ ಎಲ್ಲರೆದುರೇ ವಾಪಸ್ ಬಂತು ನೋಡು!" ಇಸ್ತ್ರಿ ಅಣ್ಣ ಅವನ ಭುಜ ಹಿಡಿದು ಅಲ್ಲಾಡಿಸಿದ. "ಗೆದ್ದೆಯಲ್ಲೋ! ಹೇಳು, ಈಗ ಹೇಗನ್ನಿಸ್ತಿದೆ?"

ಎಲ್ಲರೂ ಉತ್ತರಕ್ಕೆ ಕಾದರು.

ಸ್ಕ್ರೂ ಭುಜದ ಮೇಲಿನ ಕೈಯನ್ನು ಮೆಲ್ಲಗೆ ತೆಗೆದ. ಬ್ರಶ್ಶು, ರಬ್ಬರ್ ಉಂಡೆ, ಪೇಸ್ಟಿನ ಟ್ಯೂಬು ಎಲ್ಲ ಚೀಲಕ್ಕೆ ಹಾಕಿಕೊಂಡ. ಚಪ್ಪಲಿ ಮೆಟ್ಟಿ, ಅಂಗಡಿಯ ಎರಡು ಮೆಟ್ಟಿಲಿಳಿದು, ಯಾರ ಮುಖವನ್ನೂ ನೋಡದೆ ಬೀದಿಯ ಆ ತುದಿಗೆ, ಅಕ್ಕನ ಮನೆಯ ಕಡೆಗೆ ನಡೆದುಬಿಟ್ಟ.